ಯಾರೂ ಇಲ್ಲದ ಊರಿನ ಮೇಲೆ ಆಂಟಿಯ ಡ್ರೋನು

ಆಂಟಿ ತೀರಿಕೊಂಡು ಒಂದು ತಿಂಗಳಾಯಿತು. ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡು ಎಂದು ಅವರ ಯಜಮಾನರು ಫೋನ್ ಮಾಡಿದಾಗ ನಾನು ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಮಗಳನ್ನು ಈಜಿನ ಕ್ಲಾಸಿನಿಂದ ಮನೆಗೆ ಕರೆತರುತ್ತಿದ್ದೆ. ಅಂಕಲ್ "ಹೆಸರು ಮಾತ್ರ ಹಾಕ್ಬೇಡ. ಅವಳಿಗೆ ಹೆಸರು ಪೇಪರಲ್ಲಿ ಬರುದು ಇಷ್ಟ ಇಲ್ಲ. ಡ್ರೋನಿನ ಕಥೆ ಬರಿ. ಈಗ ಬರೀಬಹುದು" ಎಂದರು. ಹೆಂಡತಿ ಪಕ್ಕದ ಕೋಣೆಯಲ್ಲೇ ಇದ್ದಾರೆ, ಕೇಳಿಸಿಕೊಂಡುಬಿಟ್ಟಾರು ಎಂಬ ಹಾಗೆ ದನಿ ತಗ್ಗಿಸಿ ಹೇಳಿದರು.

ನಾಲ್ಕು ಸಾಲಿನಲ್ಲಿ ಮುಗಿಯುವ ಹೆಂಗಸಾಗಿರಲಿಲ್ಲ ಅವರು. ನನಗೂ ನಾಲ್ಕು ಸಾಲಿನಲ್ಲಿ ಮುಗಿಸುವ ವಿದ್ಯೆ ಬಾರದು. ನಾನು ಮಾತು ಕಲಿತದ್ದು ನಮ್ಮಜ್ಜಿಯಿಂದ. ಅವರು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಪಕ್ಕದ ಊರಿನ ಮದುವೆಯಿಂದ ಶುರುಮಾಡುತ್ತಿದ್ದರು. ಓದುವವರು ಸ್ವಲ್ಪ ಸೈರಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡಿನ ಒಂದು ಪ್ರಯೋಗಾಲಯದಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಹೊಸಬ, ಅವರು ಹಳಬರು. ಮೊದಲ ದಿನ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಹತ್ತಿರ ಬಂದು ಓದಿ, "ಕನ್ನಡವಾ? ಊರು ಯಾವುದು ಮಾರಾಯ ನಿಂದು?" ಎಂದು ಕೇಳಿದರು. ತಿಪಟೂರು ಎಂದೆ.

"ಕೊಬ್ಬರಿಯಾ!" ಎಂದರು. ಅಲ್ಲಿಂದ ಕೊನೆಯವರೆಗೂ ನಾನು ಅವರ ಬಾಯಲ್ಲಿ ಕೊಬ್ಬರಿಯೇ.

ನಾನು ಅಭ್ಯಾಸಬಲದಿಂದ ಆಂಟಿ ಎಂದುಬಿಟ್ಟಾಗ ಕಣ್ಣು ಬಿಟ್ಟು ನೋಡಿದರು. "ಒಳಗೆ ಹೆಸರು ಹಿಡಿದು ಕರಿ. ಇಲ್ಲಿ ಎಲ್ಲರೂ ಹಾಗೇ ಕರಿಯುದು. ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ಬೇಕಾದ್ರೆ ಆಂಟಿ ಅನ್ನು." ಉಡುಪಿಯ ಕಡೆಯವರು, ಕೆಲಸದಲ್ಲಿ ಕಟ್ಟುನಿಟ್ಟು, ಊಟದ ಡಬ್ಬಿಯಲ್ಲಿ ಧಾರಾಳಿ. ಒಳಗೆ ನನ್ನ ತಪ್ಪನ್ನು ಎಲ್ಲರ ಮುಂದೆ ಎತ್ತಿ ಹೇಳುತ್ತಿದ್ದರು, ಹೊರಗೆ ಬಂದ ಮೇಲೆ ಕಾರಿನ ಹಿಂದಿನ ಸೀಟಿನಿಂದ ಚಕ್ಕುಲಿಯ ಪೊಟ್ಟಣ ತೆಗೆದುಕೊಡುತ್ತಿದ್ದರು. ಎರಡರಲ್ಲೂ ಅವರಿಗೆ ಮುಜುಗರವಿರಲಿಲ್ಲ.

ಡ್ರೋನು ಬಂದದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಎಲ್ಲರೂ ಮನೆಯೊಳಗೆ ಕೂತು ಒಬ್ಬರ ಮುಖ ಇನ್ನೊಬ್ಬರಿಗೆ ಸಾಕಾಗಿದ್ದ ಕಾಲ. ಲಾಂಗ್ ಬೀಚಿನಲ್ಲಿದ್ದ ಮಗಳು ಹುಟ್ಟುಹಬ್ಬಕ್ಕೆ ಕಳಿಸಿದ್ದಳು. "ಅಮ್ಮಾ, ಯು ನೀಡ್ ಎ ಹಾಬಿ ಅಂತ ಹೇಳ್ತಾಳೆ ಮಾರಾಯ. ನಾನು ಅವಳಿಗೆ ದಿನಾ ಫೋನ್ ಮಾಡುದು ಹೆಚ್ಚಾಗಿದೆ ಅಂತ ಅರ್ಥ," ಎಂದರು. ಕಾರ್ಮೆಲ್ ವ್ಯಾಲಿಯ ತಮ್ಮ ಬೀದಿಯಲ್ಲಿ ಮೊದಲ ಸಲ ಹಾರಿಸಿದಾಗ ಅದು ಎದುರು ಮನೆಯ ಕಾಗದದ ಹೂವಿನ ಬಳ್ಳಿಯೊಳಗೆ ಹೋಗಿ ಕೂತಿತು. ಆ ಮನೆಯಾಕೆ ತನ್ನ ಮಲಗುವ ಕೋಣೆಯನ್ನು ನೋಡಲಿಕ್ಕೆ ಬಂದದ್ದೆಂದು ರಂಪ ಮಾಡಿದಳು. ಮನೆಮಾಲೀಕರ ಸಂಘದಿಂದ ಎಚ್ಚರಿಕೆಯೂ ಬಂತು.

"ಆಯ್ತು," ಎಂದರು ಆಂಟಿ, "ಯಾರೂ ಇಲ್ಲದ ಕಡೆ ಹೋಗುವ."

ಅವರು ಹಾಗೆ ಹೇಳಿದ್ದನ್ನು ಅಕ್ಷರಶಃ ಮಾಡಿದರು. ಲಾಸ್ ಏಂಜಲೀಸಿನ ಉತ್ತರಕ್ಕೆ ಗುಡ್ಡಗಳನ್ನು ದಾಟಿದರೆ ಹುಲ್ಲಿನ ಬಯಲುಗಳಿವೆ. ಒಂದು ಕಾಲದಲ್ಲಿ ಮಳೆಯನ್ನೇ ನಂಬಿ ಗೋಧಿ ಬೆಳೆಯಲು ಬಂದವರು ಅಲ್ಲಿ ಮನೆ, ಅಂಗಡಿ, ಪ್ರಾರ್ಥನಾ ಮಂದಿರ ಕಟ್ಟಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದಾರೆ. ಹೆಸರಿಗೊಂದು ಬೋರ್ಡು, ಸೊಟ್ಟಗೆ ನಿಂತ ನಾಲ್ಕು ಕಟ್ಟಡ, ಮಿಕ್ಕದ್ದೆಲ್ಲ ಗಾಳಿ. ಆಂಟಿ ಅಂಥ ಊರುಗಳನ್ನು ನಕ್ಷೆಯಲ್ಲಿ ಹುಡುಕಿ, ಜಮೀನಿನ ಒಡೆಯರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ನನ್ನನ್ನು ಡ್ರೈವ್ ಮಾಡಲು ಕರೆಯುತ್ತಿದ್ದರು. ಅವರಿಗೆ ಫ್ರೀವೇ ಎಂದರೆ ಭಯ. ನನಗೆ ಎರಡು ಕೆಲಸ: ಕಾರು ಓಡಿಸುವುದು, ಮತ್ತು ಅವರು ಪರದೆ ನೋಡುವಾಗ ನಾನು ಆಕಾಶದಲ್ಲಿ ಡ್ರೋನನ್ನೇ ನೋಡುತ್ತಿರುವುದು. ಅದು ಕಣ್ಣಿಗೆ ಕಾಣುತ್ತಲೇ ಇರಬೇಕೆಂದು ಕಾನೂನು.

ನಾನು ಯಾಕೆ ಹೋಗುತ್ತಿದ್ದೆನೆಂದರೆ, ದಣಿದಿದ್ದೆ. ವಾರವಿಡೀ ಪ್ರಯೋಗಾಲಯ, ವಾರದ ಕೊನೆಗೆ ಮಕ್ಕಳ ಈಜು, ಪಿಟೀಲು, ಯಾರದೋ ಹುಟ್ಟುಹಬ್ಬ. ಆ ಬಯಲಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತರೆ ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. "ಹೋಗಿ ಬನ್ನಿ, ನಿಮ್ಮ ಮುಖ ನೋಡೋಕಾಗ್ತಿಲ್ಲ," ಎಂದು ನನ್ನ ಹೆಂಡತಿಯೇ ಕಳಿಸುತ್ತಿದ್ದಳು.

ಯಾಕೆ ಆಂಟಿ ಈ ಹಾಳುಬಿದ್ದ ಮನೆಗಳೇ ಎಂದು ಒಮ್ಮೆ ಕೇಳಿದೆ. ಥರ್ಮಾಸಿನಿಂದ ಜೀರಿಗೆ ಕಷಾಯ ಬಗ್ಗಿಸಿಕೊಳ್ಳಲು ನನಗೇ ಹೇಳಿ, ಯೋಚಿಸಿ ಉತ್ತರ ಕೊಟ್ಟರು. "ನಮ್ಮವರ ಮನೆಗೆ ಹೋದ್ರೆ ಮನೆ ತೋರಿಸ್ತಾರೆ. ಕಿಚನ್ ತೋರಿಸ್ತಾರೆ, ಬಟ್ಟೆ ಇಡುವ ಕಪಾಟು ಸಹ ತೋರಿಸ್ತಾರೆ. ವಾವ್ ಅಂತ ಹೇಳ್ಬೇಕು. ಹೇಳಿ ಹೇಳಿ ಬಾಯಿ ನೋವು. ಇಲ್ಲಿ ಹಾಗೆ ಎಂತದೂ ಇಲ್ಲ ನೋಡು. ನಾವು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ."

ಆದರೂ ಆ ಮನೆಗಳಿಗೆ ಅವರು ಮರ್ಯಾದೆ ಕೊಡುತ್ತಿದ್ದರು. ಡ್ರೋನನ್ನು ಬಾಗಿಲಿನೊಳಗೆ ಕಳಿಸುವ ಮುಂಚೆ ಬೇಲಿಯ ಹೊರಗೆ ನಿಂತು, "ಯಾರಾದ್ರೂ ಇದ್ದೀರಾ?" ಎಂದು ಒಮ್ಮೆ ಕೂಗುತ್ತಿದ್ದರು. ಕನ್ನಡದಲ್ಲೇ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತಿದ್ದರು ಸಹ. ಕೇಳದೆ ಯಾರ ಮನೆಯ ಒಳಗೂ ಕಾಲಿಡಬಾರದು ಎಂದು ಬೆಳೆದವರು. ಕಾಲಿನ ಬದಲು ರೆಕ್ಕೆಯಿದ್ದರೂ ನಿಯಮ ಅದೇ.

ಅವರು ತೆಗೆದ ವಿಡಿಯೋಗಳಿಗೆ ಒಂದು ವಿಶೇಷವಿತ್ತು. ಚಿತ್ರ ಅಲುಗುತ್ತಲೇ ಇರಲಿಲ್ಲ. ಡ್ರೋನನ್ನು ಒಂದು ಕಿಟಕಿಯೆದುರು ನಿಲ್ಲಿಸಿ, ಎರಡೂ ಹೆಬ್ಬೆರಳುಗಳನ್ನು ರಿಮೋಟಿನ ಕಡ್ಡಿಗಳಿಂದ ಎತ್ತಿ ಸುಮ್ಮನೆ ನೋಡುತ್ತಿದ್ದರು. ಪರದೆ ಹರಿದು ನೇತಾಡುವ ಕಿಟಕಿ, ಒಂದು ಮೂಲೆಯಲ್ಲಿ ಗೂಡು ಕಟ್ಟಿದ ಹಕ್ಕಿ, ಅಷ್ಟೇ. ಸಂಘದವರು ಜೂಮ್‌ನಲ್ಲಿ ಸೇರಿದ್ದಾಗ ಅದನ್ನು ಹಾಕಿ ತೋರಿಸಿದರು. ಯಾರೋ ಒಬ್ಬರು, "ಮೇಡಂ, ನಿಮ್ಮ ಇಂಟರ್ನೆಟ್ ಹ್ಯಾಂಗ್ ಆಗಿದೆ," ಎಂದರು.

"ಹ್ಯಾಂಗ್ ಆಗ್ಲಿಲ್ಲ ಮಾರಾಯ್ರೇ, ಅದು ಹಾಗೇ ಉಂಟು," ಎಂದು ಆಂಟಿ ನಕ್ಕರು.

ಅಲುಗದ ಆ ಚಿತ್ರಗಳ ಹಿಂದಿನ ಕಾರಣ ನನಗೆ ಮಾತ್ರ ಗೊತ್ತಿತ್ತು. ಅವರ ಕೈ ನಡುಗಲು ಶುರುವಾಗಿತ್ತು. ಪ್ರಯೋಗಾಲಯದಲ್ಲಿ ಹನಿ ಲೆಕ್ಕದಲ್ಲಿ ದ್ರವ ಎತ್ತಿ ಹಾಕುವಾಗ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಸ್ವಲ್ಪ ದಿನಕ್ಕೇ ನಿವೃತ್ತಿ ತೆಗೆದುಕೊಂಡರು. ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕಾ ಎಂದು ಎಲ್ಲರೂ ಕೇಳಿದರು. ಅವರಿಗೆ ಮೊಮ್ಮಕ್ಕಳಿರಲಿಲ್ಲ. ಹೌದು ಎಂದುಬಿಟ್ಟರು.

ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಅವರು ನನಗೆ ಹೇಳಿದ್ದು ಬಯಲಿನಲ್ಲೇ, ಒಂದು ಬಿದ್ದುಹೋದ ದಿನಸಿ ಅಂಗಡಿಯ ಎದುರು. ಅದರ ಜೊತೆಗೇ, "ಮನೆಯಲ್ಲಿ ಹೇಳ್ಲಿಲ್ಲ," ಎಂದರು.

"ಅಂಕಲ್‌ಗೂ?"

"ಅವರಿಗೇ ಮುಖ್ಯವಾಗಿ ಹೇಳ್ಲಿಲ್ಲ." ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸಿದರು. "ನನ್ನ ಅಮ್ಮನಿಗೂ ಇದೇ ಇತ್ತು ಕೊಬ್ಬರಿ. ನಾವು ಮಕ್ಕಳು ಎಂತ ಮಾಡಿದ್ವು ಗೊತ್ತುಂಟಾ? ಕೊಡಿ ಅಮ್ಮ ನಾನು ಮಾಡ್ತೇನೆ, ಕೊಡಿ ಅಮ್ಮ ನಾನು ಮಾಡ್ತೇನೆ. ಸೌಟು ತಗೊಂಡೆವು, ಹೂ ಕಟ್ಟುದು ತಗೊಂಡೆವು. ಕಡೆಗೆ ದೇವರ ದೀಪ ಹಚ್ಚುದನ್ನೂ ತಗೊಂಡೆವು. ಪ್ರೀತಿಯಿಂದಲೇ, ಸುಳ್ಳಲ್ಲ. ಆಮೇಲೆ ಅಮ್ಮನಿಗೆ ಮಾಡ್ಲಿಕ್ಕೆ ಎಂತ ಉಳೀತು? ಕೂತುಕೊಳ್ಳುದು. ಇವರದ್ದು ಇನ್ನೂ ಮೆತ್ತಗಿನ ಮನಸ್ಸು. ಗೊತ್ತಾದ ದಿನವೇ ನನ್ನನ್ನು ಸೋಫಾದಲ್ಲಿ ಕೂರಿಸಿಬಿಡ್ತಾರೆ."

ಡ್ರೋನಿನ ಕಡೆ ಕತ್ತೆತ್ತಿ ನೋಡಿದರು. "ಇದು ನೋಡು, ನಾನು ಕೈ ಬಿಟ್ರೂ ನಿಂತಲ್ಲೇ ನಿಲ್ತದೆ. ನನ್ನ ಕೈ ಇದಕ್ಕೆ ಗೊತ್ತೇ ಆಗುದಿಲ್ಲ. ಎಂದು ನಂಗೆ ಇದನ್ನು ವಾಪಸ್ ತರ್ಲಿಕ್ಕೆ ಆಗುದಿಲ್ಲವೋ, ಅವತ್ತು ಇವರಿಗೆ ಹೇಳ್ತೇನೆ. ಅಲ್ಲಿಯವರೆಗೆ ನೀನು ಸುಮ್ಮನಿರ್ಬೇಕು."

ತಮ್ಮ ಜೊತೆ ತಾವೇ ಮಾಡಿಕೊಂಡ ಕರಾರು. ನಾನು ಸಾಕ್ಷಿ. ಅಲ್ಲಿಂದ ಮುಂದೆ ಪ್ರತಿ ಸಲ ಡ್ರೋನು ಮೇಲೇರಿದಾಗಲೂ ನಾನು ಅದರಿಂದ ಕಣ್ಣು ಕೀಳುತ್ತಿರಲಿಲ್ಲ. ಅದು ಮರಳಿ ನೆಲ ಮುಟ್ಟಿದಾಗ ಆಂಟಿಗೆ ಇನ್ನೊಂದು ವಾಯಿದೆ ಸಿಕ್ಕಿತೆಂದು ಉಸಿರು ಬಿಡುತ್ತಿದ್ದೆ. ನನ್ನದೂ ಒಂದು ಉದ್ಯೋಗವಾಯಿತು ಅದು, ಸಂಬಳವಿಲ್ಲದ್ದು.

ಡ್ರೋನು ಬಂದ ಮೂರನೆಯ ವರ್ಷ ಆಯುಧಪೂಜೆಗೆ ನಮ್ಮನ್ನು ಊಟಕ್ಕೆ ಕರೆದಿದ್ದರು. ಗ್ಯಾರೇಜಿನಲ್ಲಿ ಎರಡು ಕಾರು, ಮಿಕ್ಸಿ, ಹೊಲಿಗೆ ಯಂತ್ರ, ಒಂದು ಮಣೆಯ ಮೇಲೆ ಡ್ರೋನು. ಅಂಕಲ್ ಪಂಚೆ ಉಟ್ಟು ಒಂದೊಂದಕ್ಕೂ ಗಂಧ ಕುಂಕುಮ ಇಡುತ್ತ ಬರುತ್ತಿದ್ದರು. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಯಾವುದನ್ನೂ ಬಿಟ್ಟುಹೋಗದ ಹಾಗೆ ನೋಡುವುದು ಅವರ ಸ್ವಭಾವ. ಆಂಟಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು. "ನನ್ನದರ ಕಣ್ಣಿಗೆ ಹಾಕ್ಬೇಡಿ ಮಾರಾಯ್ರೇ, ಮುಂದೆ ಲೆನ್ಸ್ ಉಂಟು!"

"ನನಗೆ ಗೊತ್ತಿಲ್ವಾ? ಕಣ್ಣು ಯಾವುದು ಮೂಗು ಯಾವುದು ಅಂತ?" ಎಂದು ಅಂಕಲ್ ರೇಗಿದರು. ಡ್ರೋನಿನ ನೆತ್ತಿಯ ಮೇಲೆ ಒಂದು ಸೇವಂತಿಗೆ ಇಟ್ಟರು. ನಾವು ಕಡಲೆಬೇಳೆ ಪಾಯಸ ಉಂಡು ಮನೆಗೆ ಬಂದೆವು.

ಮುಂದಿನ ವಾರ ಹೊರಟಾಗ ಅಂಕಲ್ ತಾನೂ ಬರುತ್ತೇನೆ ಎಂದರು. ಅದುವರೆಗೆ ಒಮ್ಮೆಯೂ ಬಂದವರಲ್ಲ. ಆಂಟಿ ನನ್ನ ಮುಖ ನೋಡಿದರು, ನಾನು ಚಕ್ರಕ್ಕೆ ಗಾಳಿ ಸಾಕೇ ಎಂದು ನೋಡತೊಡಗಿದೆ. ಶುಕ್ರವಾರ ಲಾಂಗ್ ಬೀಚಿನಲ್ಲಿ ಅವರ ಮಗಳ ಮನೆಯಲ್ಲಿ ಉಳಿದು, ಶನಿವಾರ ಬೆಳಗ್ಗೆ ಬಯಲಿಗೆ ಹೋದೆವು. ದಾರಿಯಿಡೀ ಅಂಕಲ್‌ದು ಒಂದೇ ಪ್ರಶ್ನೆ: "ಯಾರೂ ಇಲ್ಲದ ಊರಿಗೆ ಇಷ್ಟು ಜನ ಯಾಕೆ ಹೋಗುದು?"

"ನೀವು ಬರದಿದ್ರೆ ಒಬ್ರು ಕಡಿಮೆ ಆಗ್ತಿತ್ತು," ಎಂದರು ಆಂಟಿ.

ಆ ಊರಿನಲ್ಲಿ ಉಳಿದಿದ್ದ ದೊಡ್ಡ ಕಟ್ಟಡವೆಂದರೆ ಸಭಾಂಗಣ. ಮರದ ಗೋಡೆ, ತಗಡಿನ ಛಾವಣಿ, ಕಳಚಿಬಿದ್ದ ಬಾಗಿಲು. ಒಳಗೆ ಒಂದು ರಂಗಮಂಚ ಇದೆಯಂತೆ, ಅದನ್ನು ನೋಡಬೇಕೆಂದು ಆಂಟಿಗೆ ಬಹಳ ದಿನಗಳ ಆಸೆ. ಹಾರಿಸಿ, ಆದರೆ ಒಳಗೆ ಯಾರೂ ಕಾಲಿಡಬೇಡಿ, ನೆಲದ ಹಲಗೆ ಪೂರ್ತಿ ಕುಂಬು ಹಿಡಿದು ಟೊಳ್ಳಾಗಿದೆ ಎಂದು ಜಮೀನಿನ ಒಡೆಯನಾದ ಮುದುಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ. ಸುತ್ತಲೂ ತಂತಿ ಬೇಲಿ ಬೇರೆ.

ಅಂಕಲ್ ಕಾರಿನ ಸೀಟು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದರು. ಆಂಟಿ ಡ್ರೋನನ್ನು ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟರು. ಪರದೆಯಲ್ಲಿ ಹಳದಿ ಬಣ್ಣದ ಏನೋ ಒಂದು ಎಚ್ಚರಿಕೆ ಬಂತು. "ಇದಕ್ಕೆ ದಿನಾ ಒಂದು ಕಂಪ್ಲೇಂಟು, ಮನೆಯವರ ಹಾಗೆ," ಎಂದು ಬೆರಳಿನಿಂದ ಅದನ್ನು ಆಚೆ ಸರಿಸಿದರು. ಅದು ಮೇಲೇರಿತು, ಎಂದಿನಂತೆ ಬಯಲಿನ ಮೇಲೆ ಗಟ್ಟಿಯಾಗಿ ನಿಂತಿತು. ಬೇಲಿಯ ಹತ್ತಿರ ಹೋಗಿ ಆಂಟಿ ತಮ್ಮ ಪ್ರಶ್ನೆ ಕೂಗಿದರು. ಒಣಹುಲ್ಲು ಸರಸರ ಅಂದಿತು. ಡ್ರೋನು ಬಾಗಿಲಿನೊಳಗೆ ಹೋಯಿತು.

ಒಳಗೆ ಹೋದದ್ದೇ ಅದರ ನಡೆ ಕೆಟ್ಟಿತು. ಆಂಟಿ ಎಂದಿನಂತೆ ಹೆಬ್ಬೆರಳು ಎತ್ತಿದರು, ಅದು ನಿಲ್ಲಲಿಲ್ಲ. ಮೆಲ್ಲಗೆ, ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ, ಎಡಗೋಡೆಯ ಕಡೆ ಜಾರತೊಡಗಿತು. ಆಂಟಿ ಬಲಕ್ಕೆ ಎಳೆದರು. ಅದು ಬಲಕ್ಕೆ ಜಾರಿತು. ಈಗ ಅದನ್ನು ನಿಲ್ಲಿಸಲು ಅವರ ಕೈಗಳ ಹೊರತು ಬೇರೆ ಏನೂ ಇರಲಿಲ್ಲ, ಮತ್ತು ಆ ಕೈಗಳು ನಡುಗುತ್ತಿದ್ದವು. ಪರದೆಯ ಮೇಲೆ ರಂಗಮಂಚ ಒಮ್ಮೆ ಕಂಡಿತು, ಮೇಲೆ ತೊಲೆ ಕಂಡಿತು, ಮತ್ತೆ ಬಾಗಿಲಿನ ಬೆಳಕು ಕಂಡು ಪಕ್ಕಕ್ಕೆ ಹೋಯಿತು. ಅವರು ಕಾರಿಗೆ ಬೆನ್ನು ತಿರುಗಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರು. ತುಟಿ ಬಿಗಿದಿತ್ತು.

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. "ಕೊಡಿ ಆಂಟಿ, ನಾನು..."

ಅವರು ನನ್ನತ್ತ ನೋಡಲಿಲ್ಲ. "ಬೇಡ," ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದೆ.

ಎರಡು ಸಲ ಬಾಗಿಲಿನ ತನಕ ತಂದರು. ಎರಡು ಸಲವೂ ಕೊನೆಗಳಿಗೆಯಲ್ಲಿ ಅದು ಸರಿದುಹೋಯಿತು. ಮೂರನೆಯ ಸಲ ಚೌಕಟ್ಟಿಗೆ ತಗಲಿ, ಒಳಗಡೆಗೇ ಬಿದ್ದ ಸದ್ದು ಬೇಲಿಯವರೆಗೂ ಕೇಳಿಸಿತು. ಪರದೆಯಲ್ಲಿ ಕುಂಬು ಹಿಡಿದ ಹಲಗೆಗಳ ಚಿತ್ರ ಅಡ್ಡಲಾಗಿ ನಿಂತಿತು, ಅಲುಗದೆ.

"ಹೋಯ್ತು," ಎಂದರು.

ಅಂಕಲ್ ಕಾರಿನಿಂದ ಇಳಿದು ಬಂದರು. "ಎಂತ ಆಯ್ತು?"

"ಬಾಗಿಲಿಗೆ ತಾಗಿತು."

"ಹೋಗಲಿ ಬಿಡು. ಅವಲಕ್ಕಿ ತಿನ್ನುವ."

ಬೇಲಿಯ ಪಕ್ಕ ಕೂತು ಒಗ್ಗರಣೆ ಅವಲಕ್ಕಿ ತಿಂದೆವು. ಧೂಳು ಹಾರಿ ಹಲ್ಲಿಗೆ ಮರಳು ಸಿಗುತ್ತಿತ್ತು. ಆಂಟಿ ಆ ಕಟ್ಟಡದ ಕಡೆ ನೋಡಲೂ ಇಲ್ಲ. ತಮ್ಮ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ದೂರದ ಗುಡ್ಡ ನೋಡುತ್ತಿದ್ದರು. ಬಹಳ ಸುಸ್ತಾದ ಮುಖ. ನನಗೆ ಗೊತ್ತಿತ್ತು, ಕರಾರಿನ ದಿನ ಬಂದುಬಿಟ್ಟಿದೆ.

ವಾಪಸು ಬರುವಾಗ, ಗುಡ್ಡ ಇಳಿಯುವ ಮೊದಲು ಪೆಟ್ರೋಲು ಹಾಕಿಸಲು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಆಂಟಿ ರೆಸ್ಟ್ ರೂಮಿಗೆ ಹೋದರು. ನಾನು ಪೈಪು ಹಿಡಿದು ನಿಂತಿದ್ದೆ. ಅಂಕಲ್ ಪಕ್ಕ ಬಂದು ನಿಂತು, ಬೇರೆಲ್ಲೋ ನೋಡುತ್ತ ಕೇಳಿದರು. "ಅದರ ಹೊಟ್ಟೆಯ ಕೆಳಗೆ ಎರಡು ಸಣ್ಣ ಗುಂಡಗಿನದ್ದು ಉಂಟಲ್ಲ. ಅದು ಎಂತದು?"

"ಅದೂ ಕಣ್ಣೇ ಅಂಕಲ್. ಕೆಳಗೆ ನೋಡೋ ಕಣ್ಣು. ಬಯಲಲ್ಲಿ ಅದು ಉಪಗ್ರಹದ ಲೆಕ್ಕದಲ್ಲಿ ನಿಲ್ಲುತ್ತೆ. ಛಾವಣಿ ಕೆಳಗೆ ಹೋದರೆ ಅದು ಸಿಗಲ್ಲ, ನೆಲ ನೋಡ್ಕೊಂಡೇ ನಿಲ್ಲಬೇಕು."

ಅಂಕಲ್ ತಮ್ಮ ಉಂಗುರದ ಬೆರಳನ್ನು ನೋಡಿಕೊಂಡರು. "ಓ," ಎಂದರು. "ನಾನು ಅದಕ್ಕೆ ಗಂಧ ಕುಂಕುಮ ಹಾಕಿದೆ ಮಾರಾಯ. ಮುಂದೆ ಹಾಕ್ಬೇಡ ಅಂದಳು, ಮಗುಚಿ ಕೆಳಗೆ ಹಾಕಿದೆ. ಬೊಟ್ಟು ಇಡ್ಲಿಕ್ಕೆ ಹೇಳಿ ಮಾಡಿಸಿದ ಹಾಗಿತ್ತು ಆ ಜಾಗ. ದಪ್ಪಕ್ಕೇ ಹಾಕಿದೆ. ಅವಳ ಕೈ ಹಾಗಿರುವಾಗ, ಇದಾದರೂ ಸರಿಯಾಗಿ ಇರಲಿ ಅಂತ."

ನಾನು ಪೈಪನ್ನು ಹಾಗೇ ಹಿಡಿದು ಅವರ ಮುಖ ನೋಡಿದೆ. "ಅಂಕಲ್, ನಿಮಗೆ ಗೊತ್ತಾ?"

"ಎರಡು ವರ್ಷ ಆಯ್ತು ಗೊತ್ತಾಗಿ. ಶರಟಿನ ಗುಂಡಿ ಹೊಲಿಯುದು ಬಿಟ್ಟಳು, ಕಣ್ಣು ಕಾಣುದಿಲ್ಲ ಅಂದಳು. ಕಾಫಿ ಅರ್ಧ ಲೋಟ ಕೊಡ್ತಾಳೆ, ಚೆಲ್ಲಬಾರದಲ್ಲ. ಕೇಳಿದ್ರೆ, ನಿಮಗೆ ಶುಗರ್ ಬರ್ತದೆ ಅಂತಾಳೆ. ನನಗೆ ಶುಗರ್ ಇಲ್ಲ! ಇವತ್ತು ಟೋಪಿಯ ಅಡಿಯಿಂದ ಎಲ್ಲ ನೋಡ್ತಾ ಇದ್ದೆ. ಇಳಿದು ಬರ್ಲಿಕ್ಕೆ ಧೈರ್ಯ ಆಗ್ಲಿಲ್ಲ."

"ಕೇಳಬಹುದಿತ್ತಲ್ಲ ಅಂಕಲ್?"

"ಅವಳು ಹೇಳದ್ದನ್ನು ನಾನು ಹೇಗೆ ಕೇಳುದು?" ಕನ್ನಡಕ ತೆಗೆದು ಪಂಚೆಯ ಅಂಚಿಗೆಂದು ಕೈ ಹಾಕಿ, ಪ್ಯಾಂಟಿನಲ್ಲಿದ್ದೇನೆಂದು ನೆನಪಾಗಿ ಹಾಗೇ ಹಾಕಿಕೊಂಡರು. "ಗೊತ್ತಿಲ್ಲದವನ ಹಾಗೆ ಇದ್ದು ಇದ್ದು ಸುಸ್ತಾಗಿದೆ."

ಆಗ ನಾನೇ ಕರಾರಿನ ವಿಷಯ ಹೇಳಿದೆ. ಡ್ರೋನು ವಾಪಸು ಬಾರದ ದಿನ ಮನೆಯಲ್ಲಿ ಹೇಳುತ್ತೇನೆಂದು ಆಂಟಿ ಅಂದದ್ದು, ಆ ದಿನ ಇವತ್ತೇ ಎಂದು ಅವರು ತಿಳಿದಿರುವುದು. "ಆದರೆ ಇವತ್ತು ತಪ್ಪಿದ್ದು ಅವರ ಕೈಯಿಂದ ಅಲ್ಲ ಅಂಕಲ್. ಯಾರ ಕೈಯಲ್ಲಿದ್ದರೂ ಬೀಳ್ತಿತ್ತು. ಹೇಳಿಬಿಡೋಣ. ಪಾಪ, ಹೇಗೆ ಕೂತಿದ್ದರು ನೋಡಿದಿರಲ್ಲ."

ಅಂಕಲ್ ರೆಸ್ಟ್ ರೂಮಿನ ಬಾಗಿಲ ಕಡೆ ಒಮ್ಮೆ ನೋಡಿದರು. "ಹೇಳಿದ್ರೆ ಎಂತ ಆಗ್ತದೆ? ಇನ್ನೊಂದು ಡ್ರೋನ್ ತಗೊಳ್ತಾಳೆ. ಇನ್ನೆರಡು ವರ್ಷ ಅವಳು ಮುಚ್ಚಿಡುದು, ನಾನು ಕಾಣದವನ ಹಾಗೆ ಇರುದು. ಇಬ್ಬರಿಗೂ ವಯಸ್ಸು ಎಲ್ಲಿ ಉಂಟು?" ನನ್ನ ತೋಳು ಹಿಡಿದರು. "ಕುಂಕುಮದ್ದು ಹೇಳ್ಬೇಡ. ನನಗೆ ಗೊತ್ತುಂಟು ಅಂತಲೂ ಹೇಳ್ಬೇಡ. ಅವಳೇ ಹೇಳಲಿ. ನಾನು ಹೊಸದಾಗಿ ಕೇಳ್ತೇನೆ."

ಆಂಟಿ ಕೈ ಒರೆಸಿಕೊಳ್ಳುತ್ತ ಬಂದರು. "ಎಂತ ಗುಟ್ಟು ನಿಮ್ಮದು?"

"ಗ್ಯಾಸಿಗೆ ರೇಟು ಎಷ್ಟಾಗಿದೆ ನೋಡು!" ಎಂದು ಅಂಕಲ್ ಕಾರಿನೊಳಗೆ ಕೂತರು.

ಸೋಮವಾರ ಮಧ್ಯಾಹ್ನ ಆಂಟಿಯ ಫೋನ್ ಬಂತು. ನಾನು ಊಟದ ಡಬ್ಬಿ ಹಿಡಿದುಕೊಂಡು ಪಾರ್ಕಿಂಗ್ ಲಾಟಿಗೆ ಬಂದು ಮಾತಾಡಿದೆ.

"ಹೇಳಿದೆ ಕೊಬ್ಬರಿ," ಎಂದರು.

"ಅಂಕಲ್ ಏನಂದ್ರು?"

"ಪಾಪ, ಅವರಿಗೆ ಎಂತದೂ ಗೊತ್ತಿರ್ಲಿಲ್ಲ. ಟೀವಿ ಆಫ್ ಮಾಡಿ ಪೂರ್ತಿ ಕೇಳಿದ್ರು. ಎಂದಿನಿಂದ ಅಂತ ಕೇಳಿದ್ರು, ಡಾಕ್ಟರ್ ಎಂತ ಹೇಳಿದ್ದು ಅಂತ ಕೇಳಿದ್ರು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಆಮೇಲೆ ಅತ್ತುಬಿಟ್ರು ಮಾರಾಯ, ಸಣ್ಣ ಮಗುವಿನ ಹಾಗೆ. ನಾನೇ ಸಮಾಧಾನ ಮಾಡ್ಬೇಕಾಯ್ತು." ಅವರ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಒಂದು ಸಡಿಲವಿತ್ತು. ಸ್ವಲ್ಪ ಹೆಮ್ಮೆಯೂ ಇತ್ತು. "ಈ ಗಂಡಸರಿಗೆ ಒಂದೇ ಮನೆಯಲ್ಲಿ ಇದ್ರೂ ಎಂತದೂ ಕಾಣುದಿಲ್ಲ ನೋಡು."

"ಹೌದು ಆಂಟಿ," ಎಂದೆ.

"ಒಂದು ಉಪಕಾರ ಮಾಡು. ಇವತ್ತು ಅವರಿಗೊಂದು ಫೋನ್ ಮಾಡು. ಒಮ್ಮೆಲೇ ಕೇಳಿದ್ದಲ್ವಾ, ತುಂಬ ಶಾಕ್ ಆಗಿದೆ. ಸ್ವಲ್ಪ ಧೈರ್ಯ ಹೇಳು. ನಾನು ಹೇಳಿದ್ದು ಅಂತ ಗೊತ್ತಾಗ್ಬಾರದು."

"ಗೊತ್ತಾಗಲ್ಲ ಆಂಟಿ," ಎಂದೆ.